ಕಾಲರ್ ಮೆಷಿನ್ ನಿಂತ ಮಧ್ಯಾಹ್ನ

ನಾನು ನಿಂತಿದ್ದದ್ದು ಎರಡನೇ ಮಹಡಿಯಲ್ಲಿ, ಮೂರನೇ ಲೈನಿನ ಕೊನೆಗೆ, ಚೆಕಿಂಗ್ ಟೇಬಲ್ಲಿಗೂ ಸೂಜಿ ಪತ್ತೆಮಾಡುವ ಯಂತ್ರಕ್ಕೂ ನಡುವಿನ ಜಾಗದಲ್ಲಿ. ಬೆನ್ನ ಹಿಂದೆ ಕಿಟಕಿ ಇತ್ತು. ಅದರಿಂದ ವೃಷಭಾವತಿ ಹೊಳೆಯ ಕೊಳಚೆ ವಾಸನೆ ಬರುತ್ತಿತ್ತು, ಬೇಸಿಗೆಯಲ್ಲಿ ಅದು ಹೆಚ್ಚು. ಎರಡು ಸಾವಿರದ ಆರನೇ ಇಸವಿ. ಊಟದ ಬೆಲ್ ಮುಗಿದು ಎಲ್ಲರೂ ಮತ್ತೆ ಮೆಷಿನ್ನಿಗೆ ಕೂತಿದ್ದರು, ಸಂಜೆಯ ಟೀ ಇನ್ನೂ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಆಮೇಲೆ ಕೆಲವರು ನಾನು ಆ ಹೊತ್ತಿನಲ್ಲಿ ಕೆಳಗಿನ ಸ್ಟೋರಿನಲ್ಲಿದ್ದೆ ಎಂದರು. ಇನ್ನು ಕೆಲವರು ಅಂಥದ್ದೇನೂ ನಡೆಯಲೇ ಇಲ್ಲ ಎಂದರು. ನಾನು ಅಲ್ಲಿದ್ದೆ. ಅದು ನಡೆಯಿತು.

ಅದು ಹೇಗೆ ನಡೆಯಿತೆಂದು ತಿಳಿಯಲು ಬಾಬಿನ್‌ನಿಂದ ಶುರುಮಾಡಬೇಕು.

ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಮುಂಚೆ ಸಿಗುವ ಒಂದು ಗಾರ್ಮೆಂಟ್ಸಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಹೊರದೇಶಕ್ಕೆ ಹೋಗುವ ಮಕ್ಕಳ ಅಂಗಿಗಳನ್ನು ಅಲ್ಲಿ ಹೊಲಿಯುತ್ತಿದ್ದರು. ಒಂದು ಲೈನಿನಲ್ಲಿ ಮೆಷಿನ್‌ಗಳು ಒಂದರ ಹಿಂದೆ ಒಂದು. ಒಬ್ಬಾಕೆ ಭುಜ ಜೋಡಿಸಿದರೆ ಮುಂದಿನಾಕೆ ಕಾಲರ್ ಕೂರಿಸುತ್ತಾಳೆ, ಅವಳ ಮುಂದೆ ತೋಳು, ಆಮೇಲೆ ಪಕ್ಕೆಯ ಹೊಲಿಗೆ, ಕಫ್, ಕೆಳ ಅಂಚು, ಗುಂಡಿ. ಈ ಒಂದೊಂದು ಕೆಲಸಕ್ಕೂ ಆಪರೇಷನ್ ಎಂದು ಹೆಸರು. ಅಂಗಿ ಕೈಯಿಂದ ಕೈಗೆ ಹೋಗುತ್ತದೆ. ಹಿಂದಿನವರು ಬಿಟ್ಟದ್ದು ಮುಂದೆ ಬಂದು ಬೀಳುತ್ತಲೇ ಇರುತ್ತದೆ. ಕತ್ತೆತ್ತಲು ಬಿಡುವಿಲ್ಲ.

ಕತ್ತೆತ್ತಲು ಇದ್ದ ಒಂದೇ ನ್ಯಾಯವಾದ ಕಾರಣ ಬಾಬಿನ್. ಹೊಲಿಗೆ ಮೆಷಿನ್ನಿನ ಅಡಿಯಲ್ಲಿ ದಾರ ಸುತ್ತಿದ ಸಣ್ಣ ಲೋಹದ ಚಕ್ರವಿರುತ್ತದೆ. ದಾರ ಮುಗಿದರೆ ನಿಲ್ಲಿಸಿ, ಕೇಸ್ ಹೊರತೆಗೆದು, ತುಂಬಿದ ಬಾಬಿನ್ ಹಾಕಿ, ದಾರ ಎಳೆದು, ಒಮ್ಮೆ ತುಂಡು ಬಟ್ಟೆಯ ಮೇಲೆ ಹೊಲಿದು ನೋಡಬೇಕು. ಆಗ ಯಾರೂ ಬೈಯುವಂತಿಲ್ಲ. ಖಾಲಿ ಬಾಬಿನ್‌ಗೆ ದಾರ ಸುತ್ತುವ ವೈಂಡರ್ ಟೇಬಲ್ಲಿಗೇ ಕೂರಿಸಿರುತ್ತದೆ. ಹೊಲಿಯುತ್ತಿರುವಾಗಲೇ ಬೆಲ್ಟಿನ ಜೊತೆ ತಿರುಗಿ, ತುಂಬಿದೊಡನೆ ತಾನೇ ನಿಲ್ಲುತ್ತದೆ. ಎಷ್ಟು ತುಂಬಿದರೆ ನಿಲ್ಲಬೇಕು ಎನ್ನುವುದನ್ನು ಒಂದು ಸಣ್ಣ ಸ್ಕ್ರೂ ನಿರ್ಧರಿಸುತ್ತದೆ.

ನಾನು ಸೇರಿದ ಹೊಸದರಲ್ಲಿ ಮೂರನೇ ಲೈನಿನ ಸ್ಕ್ರೂಗಳೆಲ್ಲ ಸಡಿಲವಾಗಿದ್ದವು. ಬಾಬಿನ್‌ಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಸರಿಮಾಡಲು ಕಾಲರ್ ಮೆಷಿನ್ನಿನ ಬಳಿ ಬಗ್ಗಿದೆ. ಅಲ್ಲಿ ಕೂತಿದ್ದಾಕೆ ಗದಗಿನ ಕಡೆಯವರು, ನಲವತ್ತು ದಾಟಿರಬಹುದು, ಲೈನಿನವರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು. ಹೊಲಿಗೆ ನಿಲ್ಲಿಸದೆಯೇ ಅವರು ಹೇಳಿದರು:

"ಅಣ್ಣಾರ, ಆ ಸ್ಕ್ರೂ ಮುಟ್ಟಬ್ಯಾಡ್ರಿ. ನಮ್ಮ ಚಾ ಅದರಾಗ ಐತಿ."

ಹಿಂದಿನ ಮೆಷಿನ್ನಿನಾಕೆ ಕಿಸಕ್ಕನೆ ನಕ್ಕಳು. "ಚಾ ಅಲ್ಲ ಸಾರ್, ಬೈಟೂ. ಅರ್ಧರ್ಧ."

ಅವರು ಅರ್ಧ ಬಾಬಿನ್‌ಗೆ ಇಟ್ಟಿದ್ದ ಹೆಸರೇ ಬೈಟೂ. ದರ್ಶಿನಿ ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವಂತೆ, ಒಂದು ಬಾಬಿನ್ನನ್ನು ಎರಡು ಸಲಕ್ಕೆ ಹಂಚಿಕೊಂಡಿದ್ದರು. ಎರಡು ಸಲ ನಿಲ್ಲಿಸಬಹುದು, ಎರಡು ಸಲ ಬೆರಳು ಮಡಚಿ ಬಿಡಿಸಬಹುದು, ಪಕ್ಕದವಳ ಮುಖ ನೋಡಬಹುದು. ಅದರಲ್ಲೂ ಒಂದು ಕ್ರಮವಿತ್ತು. ಎಲ್ಲರದೂ ಒಂದೇ ಹೊತ್ತಿಗೆ ಖಾಲಿಯಾದರೆ ಸೂಪರ್‌ವೈಸರ್ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬೆಳಿಗ್ಗೆ ಶುರುವಾಗುವಾಗಲೇ ಒಬ್ಬಾಕೆ ತುಂಬಿದ್ದು, ಮುಂದಿನಾಕೆ ಕಾಲು ಭಾಗದ್ದು, ಅವಳ ಮುಂದಿನಾಕೆ ಅರ್ಧದ್ದು ಹಾಕಿಕೊಳ್ಳುತ್ತಿದ್ದರು. ಬಿಡುವು ಲೈನಿನುದ್ದಕ್ಕೂ ಸರದಿಯಲ್ಲಿ ಹೋಗುತ್ತಿತ್ತು. ಅದನ್ನು ಯಾರು ಮೊದಲು ಯೋಚಿಸಿದರೋ ಯಾರಿಗೂ ನೆನಪಿರಲಿಲ್ಲ. ಸೂಪರ್‌ವೈಸರ್ ಹೆಂಗಸೇ, ತಾವೂ ಒಂದು ಕಾಲದಲ್ಲಿ ಗುಂಡಿ ಹೊಲಿದು ಮೇಲೆ ಬಂದವರು. ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಅವರು ಯಾವತ್ತೂ ಆ ಸ್ಕ್ರೂ ಕಡೆ ನೋಡಲಿಲ್ಲ.

ನಾನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡೆ.

ಅದಾದ ಮರುವರ್ಷ ಹೊಸ ಪ್ರೊಡಕ್ಷನ್ ಮ್ಯಾನೇಜರ್ ಬಂದರು. ಅವರು ಕಿರುಚುವ ಮನುಷ್ಯರಲ್ಲ. ಸ್ಟಾಪ್‌ವಾಚ್ ಹಿಡಿದು ಒಬ್ಬೊಬ್ಬರ ಬೆನ್ನ ಹಿಂದೆ ನಿಲ್ಲುತ್ತಿದ್ದರು, ಮಾತಾಡದೆ. ಒಂದು ವಾರ ಹಾಗೆ ನಿಂತು ನನ್ನನ್ನು ಕರೆದರು.

"ಏನ್ರೀ, ನಿಮ್ಮ ಮೂರನೇ ಲೈನ್‌ನವರಿಗೆ ಮಾತ್ರ ದಾರ ಯಾಕೆ ಇಷ್ಟು ಬೇಗ ಮುಗಿಯುತ್ತೆ?"

"ಹಳೇ ವೈಂಡರ್ ಸಾರ್. ಸರಿಯಾಗಿ ತುಂಬಲ್ಲ."

"ಹಾಗಾದ್ರೆ ಕಿತ್ತುಹಾಕಿ. ಯಾರಿಗೂ ಬೇಡ. ಕೆಳಗೆ ಒಂದು ರೂಮಲ್ಲಿ ಎಲ್ಲಾ ಒಟ್ಟಿಗೆ ಸುತ್ತಿಸೋಣ. ಫುಲ್ ಬಾಬಿನ್ ಟ್ರೇನಲ್ಲಿ ಬರುತ್ತೆ, ಇವರು ತಗೊಂಡು ಹಾಕ್ಕೊಂಡ್ರಾಯ್ತು."

ಹಳೆಯದೆಂದು ನಾನು ಹೇಳಿದ್ದು ಹೊಸದನ್ನು ತರಿಸುತ್ತಾರೆಂಬ ಆಸೆಯಿಂದ. ಹೊಸದಕ್ಕೂ ಒಂದು ಸ್ಕ್ರೂ ಇರುತ್ತದಲ್ಲ. ಅವರು ಅಷ್ಟು ದೂರ ಹೋಗಲೇ ಇಲ್ಲ.

ಒಂದು ಭಾನುವಾರ ಎಲ್ಲ ವೈಂಡರ್‌ಗಳನ್ನೂ ಬಿಚ್ಚಲು ಹೇಳಿದರು. ಆದರೆ ಆ ಭಾನುವಾರವೂ ಓವರ್‌ಟೈಮ್ ಇತ್ತು. ಹಾಗಾಗಿ ಹೆಂಗಸರು ಹೊಲಿಯುತ್ತಿರುವಾಗಲೇ ಒಬ್ಬೊಬ್ಬರ ಟೇಬಲ್ಲಿನ ಪಕ್ಕ ಮಂಡಿಯೂರಿ ಎರಡೆರಡು ಸ್ಕ್ರೂ ಬಿಚ್ಚಿ ಗೋಣಿಚೀಲಕ್ಕೆ ಹಾಕಿದೆ. ಚೀಲ ಎಳೆದುಕೊಂಡು ಹೋಗುವಾಗ ಕಾಲರ್ ಅಕ್ಕ, "ನೋಡಿ ಒಯ್ರಿ ಅಣ್ಣಾರ, ಚೆಲ್ಲೀತು," ಎಂದರು.

ಆಮೇಲೆ ಟ್ರೇ ಬರತೊಡಗಿತು. ಬಾಬಿನ್‌ಗಳು ಅಂಚಿನವರೆಗೂ ತುಂಬಿರುತ್ತಿದ್ದವು. ಲೈನಿನ ಉತ್ಪಾದನೆ ಏರಿತು, ಅದರ ಹಿಂದೆಯೇ ಟಾರ್ಗೆಟ್ ಏರಿತು. ಟಾಯ್ಲೆಟ್ಟಿಗೆ ಹೋಗಲು ಸೂಪರ್‌ವೈಸರನ್ನು ಕೇಳಬೇಕು, ಅವರು ಮುಂದೆ ರಾಶಿ ಬಿದ್ದ ಅಂಗಿಯ ಬಂಡಲ್ ನೋಡಿ ಹೂಂ ಅಥವಾ ಉಹೂಂ ಅನ್ನಬೇಕು. ಬರಬರುತ್ತಾ ಉಹೂಂ ಜಾಸ್ತಿಯಾಯಿತು. ಕಫ್ ಹೊಲಿಯುವಾಕೆ ಆಗ ಆರು ತಿಂಗಳ ಬಸುರಿ. ಮಾರೇನಹಳ್ಳಿಯಿಂದ ಬರುತ್ತಿದ್ದಳು. ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

ಮುಂದಿನ ತಿಂಗಳು ಸೂಜಿಗಳು ಮುರಿಯತೊಡಗಿದವು.

ಮಕ್ಕಳ ಬಟ್ಟೆಯಾದ್ದರಿಂದ ಸೂಜಿಯ ವಿಷಯದಲ್ಲಿ ಖರೀದಿದಾರರ ನಿಯಮ ಬಹಳ ಕಟ್ಟುನಿಟ್ಟು. ಮುರಿದ ಸೂಜಿಯ ಒಂದೊಂದು ಚೂರೂ ಸಿಗಬೇಕು. ಚೂರುಗಳನ್ನು ಅಂಟುಟೇಪಿನ ಮೇಲೆ ಜೋಡಿಸಿ, ಹೊಸ ಸೂಜಿಯ ಪಕ್ಕ ಇಟ್ಟು, ಉದ್ದ ಸರಿಹೊಂದುವುದನ್ನು ತೋರಿಸಬೇಕು. ಅಲ್ಲಿಯವರೆಗೆ ಆ ಮೆಷಿನ್ ನಿಂತಿರಬೇಕು, ಅಲ್ಲಿದ್ದ ಬಂಡಲ್ ಮುಂದೆ ಹೋಗಕೂಡದು. ಚೂರು ಸಿಗದಿದ್ದರೆ ಆ ಅಂಗಿಗಳನ್ನೆಲ್ಲ ಸೂಜಿ ಪತ್ತೆಮಾಡುವ ಯಂತ್ರದ ಬೆಲ್ಟಿನ ಮೇಲೆ ಹಾಯಿಸಬೇಕು. ಕಬ್ಬಿಣದ ಕಣವಿದ್ದರೆ ಅದು ಕೂಗುತ್ತದೆ. ಮ್ಯಾನೇಜರ್ ಸ್ಟಾಪ್‌ವಾಚ್ ಹಿಡಿದರೂ ಈ ನಿಯಮವನ್ನು ಮುಟ್ಟುವಂತಿರಲಿಲ್ಲ.

ಮುರಿದ ಸೂಜಿ ನೋಡಿದರೆ ಹೇಗೆ ಮುರಿಯಿತೆಂದು ಯಾವ ಮೆಕ್ಯಾನಿಕ್ಕಿಗಾದರೂ ತಿಳಿಯುತ್ತದೆ. ಅಡಿಯಲ್ಲಿ ತಿರುಗುತ್ತಾ ದಾರ ಹಿಡಿಯುವ ಹುಕ್ಕಿನ ಹೊಂದಾಣಿಕೆ ತಪ್ಪಿದ್ದರೆ ಸೂಜಿ ಹುಕ್ಕಿಗೆ ಬಡಿದು, ಹುಕ್ಕಿನ ಮೇಲೆ ಗೀರು ಬೀಳುತ್ತದೆ. ಹೊಲಿಯುವವರು ಬಟ್ಟೆಯನ್ನು ಹಿಂದಕ್ಕೆ ಜಗ್ಗಿದರೆ ಸೂಜಿ ಬಾಗಿ, ತಾನು ಇಳಿಯುವ ತೂತಿನ ಪ್ಲೇಟಿಗೆ ಬಡಿಯುತ್ತದೆ, ತೂತಿನ ಹಿಂದಿನ ಅಂಚಿನಲ್ಲಿ ಗೀರು. ಮೂರನೇ ಲೈನಿನಲ್ಲಿ ಎಲ್ಲವೂ ಹಿಂದಿನ ಅಂಚಿನ ಗೀರುಗಳೇ. ಮತ್ತು ಹೆಚ್ಚಿನವು ಕಾಲರ್ ಮೆಷಿನ್ನಿನವು.

ಕಾಲರ್ ಏಕೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ನಿಧಾನದ ಕೆಲಸ, ಅದಕ್ಕೆ ಒಂದೇ ಮೆಷಿನ್. ಅದು ನಿಂತರೆ ಅದರ ಮುಂದಿನ ಯಾರಿಗೂ ಅಂಗಿ ಬರುವುದಿಲ್ಲ. ತೋಳಿನಾಕೆ, ಕಫ್‌ನಾಕೆ, ಅಂಚಿನಾಕೆ, ಗುಂಡಿಯಾಕೆ ಎಲ್ಲರೂ ಕೈ ಬಿಟ್ಟು ಕೂರಬಹುದು. ಬಿಡುವಿಲ್ಲದ್ದು ಕಾಲರ್ ಅಕ್ಕನಿಗೆ ಮಾತ್ರ. ಅವರು ನೆಲದ ಮೇಲೆ ಕೂತು, ಅಯಸ್ಕಾಂತ ಹಿಡಿದು, ಚೂರು ಹುಡುಕುತ್ತಿರುತ್ತಿದ್ದರು.

ಒಮ್ಮೆ ಅವರ ಪಕ್ಕ ಕೂತು ನಾನೂ ಹುಡುಕುವ ಹಾಗೆ ಮಾಡಿ ಹೇಳಿದೆ: "ಅಕ್ಕಾ, ಹೀಗೆ ಜಗ್ಗಬೇಡಿ. ಚೂರು ಕಣ್ಣಿಗೆ ಹಾರುತ್ತೆ."

"ಯಾರ್ ಜಗ್ಗಿದಾರ್ರಿ? ಅರಿವಿ ದಪ್ಪ ಐತಿ."

"ನಾನು ನೋಡ್ತೀನಿ ಅಕ್ಕಾ, ನನಗೆ ಗೊತ್ತಾಗುತ್ತೆ."

ಅವರು ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತಲೇ ಕೇಳಿದರು: "ಕಣ್ಣಿಗೆ ಹಾರಿದ್ರ ಅರ್ಧ ದಿನ ಸೂಟಿ ಕೊಡ್ತಾರೇನ್ರಿ?"

ನಾನು ನಗಲಿಲ್ಲ. ಅವರು ನಕ್ಕರು.

ನಾನು ಹೇಳಬೇಕಾದ ಮಧ್ಯಾಹ್ನ ಮ್ಯಾನೇಜರ್ ಲೈನಿನಲ್ಲೇ ಇದ್ದರು. ಅಂದು ಸಂಜೆ ಮಾಲು ಹೋಗಬೇಕಿತ್ತು. ನಾನು ಚೆಕಿಂಗ್ ಟೇಬಲ್ಲಿನ ಬಳಿ ಒಂದು ಕತ್ತರಿಯ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಕಫ್‌ನಾಕೆ ಎದ್ದು ನಿಂತು ಟಾಯ್ಲೆಟ್ಟಿಗೆ ಹೋಗಲು ಸೂಪರ್‌ವೈಸರನ್ನು ಕೇಳಿದಳು. ಸೂಪರ್‌ವೈಸರ್ ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ತಲೆಯೆತ್ತದೆ, "ಈ ಬಂಡಲ್ ಮುಗಿಸಿ ಹೋಗ್ಲಿ," ಎಂದರು. ಅವಳು ಕೂತಳು. ಮತ್ತೆ ಎದ್ದಳು. ಮತ್ತೆ ಕೂತಳು. ಒಂದು ಕೈಯಿಂದ ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿದ್ದಳು.

ಕಾಲರ್ ಅಕ್ಕ ಕತ್ತೆತ್ತಿ ಅವಳನ್ನು ನೋಡಿದ್ದನ್ನು ನಾನು ನೋಡಿದೆ.

ಬೇರೆ ದಿನಗಳಲ್ಲಿ ಅವರು ಬಲಗೈಯನ್ನು ಮೆಷಿನ್ನಿನ ಹಿಂದೆ ಚಾಚಿ ದೂರದಿಂದ ಜಗ್ಗುತ್ತಿದ್ದರು. ಅಂದು ಮ್ಯಾನೇಜರ್ ಎದುರಿಗಿದ್ದರು, ಹಾಗೆ ಕೈ ಚಾಚುವಂತಿರಲಿಲ್ಲ. ಎಡಗೈ ತೋರುಬೆರಳನ್ನು ಸೂಜಿಯ ಪಕ್ಕದಲ್ಲೇ ಬಟ್ಟೆಯ ಮೇಲೆ ಒತ್ತಿ ಎಳೆದರು. ಟಕ್ ಎಂದಿತು. ಮೆಷಿನ್ ನಿಂತಿತು. ಅವರು ಕೂಗಲಿಲ್ಲ. ಎಡಗೈಯನ್ನು ಎತ್ತಿ ಮುಖದ ಮುಂದೆ ಹಿಡಿದು ನೋಡಿದರು. ಉಗುರಿನ ನಡುವೆ ಒಂದು ಕಪ್ಪು ಚುಕ್ಕೆ ಇತ್ತು, ಆಮೇಲೆ ಅದರ ಸುತ್ತ ರಕ್ತ ಬಂತು. ಹೊಲಿಯುತ್ತಿದ್ದ ಬಿಳಿ ಕಾಲರಿನ ಮೇಲೆ ಬಿತ್ತು.

ಮ್ಯಾನೇಜರ್ ಬಂದು ಕೇಳಿದ ಮೊದಲ ಮಾತು: "ಪೀಸ್ ಎಲ್ಲಿ?"

ಸೂಪರ್‌ವೈಸರ್ ಹುಡುಕಿದರು. ಮೇಲಿನ ಭಾಗ ಮೆಷಿನ್ನಿನಲ್ಲೇ ಕಚ್ಚಿಕೊಂಡಿತ್ತು. ನಡುವಿನ ತುಂಡು ಪ್ಲೇಟಿನ ಮೇಲೆ ಸಿಕ್ಕಿತು. ತುದಿ ಇರಲಿಲ್ಲ.

"ಬೆರಳಲ್ಲೇ ಇರಬೇಕು ಸಾರ್," ಎಂದರು ಸೂಪರ್‌ವೈಸರ್. "ಆಸ್ಪತ್ರೆಗೆ..."

"ಇರಬೇಕು ಅಂದ್ರೆ ಆಗಲ್ಲಮ್ಮಾ. ಬಟ್ಟೇಲಿದ್ಯೋ ಕೈಯಲ್ಲಿದ್ಯೋ ನನಗೆ ಗೊತ್ತಾಗ್ಬೇಕು. ಸಂಜೆ ಮಾಲು ಹೋಗ್ತಿದೆ."

ಮೊದಲು ಚೆಕಿಂಗ್ ಟೇಬಲ್ಲಿನಾಕೆ ಆ ಬಂಡಲ್ಲಿನ ಅಂಗಿಗಳನ್ನು ಯಂತ್ರದಲ್ಲಿ ಹಾಯಿಸಿದಳು. ಅದು ಕೂಗಲಿಲ್ಲ. ಅಷ್ಟೂ ಹೊತ್ತು ಕಾಲರ್ ಅಕ್ಕ ಕೈಗೆ ತುಂಡು ಬಟ್ಟೆ ಸುತ್ತಿಕೊಂಡು ನಿಂತಿದ್ದರು, ಕಫ್‌ನಾಕೆ ಅವರ ಪಕ್ಕಕ್ಕೆ ಬಂದಿದ್ದಳು. ಆಮೇಲೆ ಮ್ಯಾನೇಜರ್ ಅವರ ಕಡೆ ತಿರುಗಿದರು.

"ಬಾಮ್ಮಾ. ಕೈ ಇಡು. ಬಳೆ ತೆಗಿ."

"ಗಾಜಿಂದು ಸಾರ್," ಎಂದರು ಸೂಪರ್‌ವೈಸರ್, ಬಹಳ ಮೆಲ್ಲಗೆ.

"ಸರಿ, ಹಾಗಾದ್ರೆ ಇರ್ಲಿ. ಇಡು."

ಕಾಲರ್ ಅಕ್ಕ ಬಟ್ಟೆ ಬಿಚ್ಚಿ, ಎಡಗೈಯನ್ನು ಬೆಲ್ಟಿನ ಮೇಲೆ ಅಂಗೈ ಕೆಳಗಾಗಿ ಇಟ್ಟರು, ಅಂಗಿ ಇಡುವ ಹಾಗೆ. ಮ್ಯಾನೇಜರ್ ತಾವೇ ಸ್ವಿಚ್ ಒತ್ತಿದರು. ಬೆಲ್ಟಿನ ಜೊತೆ ಅಕ್ಕ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿದರು. ಅವರು ವಾಲುತ್ತಿದ್ದಂತೆ ಕಂಡಿತು, ನಾನು ಮೊಣಕೈ ಹಿಡಿದುಕೊಂಡೆ. ಕೈ ಯಂತ್ರದ ಬಾಯೊಳಗೆ ಹೋಯಿತು. ಯಂತ್ರ ಕೂಗಿತು. ಕೆಂಪು ದೀಪ ಹತ್ತಿತು, ಬೆಲ್ಟ್ ನಿಂತಿತು.

ಆಗ ಮ್ಯಾನೇಜರ್ ಮುಖ ಸಡಿಲವಾಯಿತು. ಅವರು ಕ್ರೂರವಾಗಿ ನಗಲಿಲ್ಲ, ಬೈಯಲಿಲ್ಲ. ಒಂದು ಚಿಂತೆ ಕಳೆದವರ ಹಾಗೆ ಉಸಿರು ಬಿಟ್ಟರು. ಇಷ್ಟು ವರ್ಷಗಳಾದರೂ ನನಗೆ ನಿದ್ದೆಯಲ್ಲಿ ಕಾಣುವುದು ರಕ್ತವಲ್ಲ, ಆ ನಿರಾಳ ಮುಖ.

"ಇನ್ನೊಂದ್ಸಲ ನೋಡಿಬಿಡೋಣ," ಎಂದರು. ಇನ್ನೊಂದು ಸಲವೂ ಅದು ಕೂಗಿತು.

ಆಮೇಲೆ ಕಂಪನಿಯ ವ್ಯಾನಿನಲ್ಲಿ ರಾಜಾಜಿನಗರದ ಆಸ್ಪತ್ರೆಗೆ ಕಳಿಸಿದರು. ಸೂಪರ್‌ವೈಸರ್ ಜೊತೆಗೆ ಹೋದರು. ಮೆಟ್ಟಿಲಿನ ಬಳಿ ಮ್ಯಾನೇಜರ್ ಅವರನ್ನು ನಿಲ್ಲಿಸಿ ಹೇಳಿದ್ದು ನನಗೆ ಕೇಳಿಸಿತು: "ತೆಗೆದ ಮೇಲೆ ಆ ತುದಿ ಇಸ್ಕೊಂಡು ಬನ್ನಿ. ಡಾಕ್ಟರ್ ಎಸೆದುಬಿಟ್ಟಾರು. ಅದಿಲ್ದೆ ಸೂಜಿ ಕಂಪ್ಲೀಟ್ ಆಗಲ್ಲ, ಬಂಡಲ್ ಬಿಡಕ್ಕಾಗಲ್ಲ."

ನನ್ನ ಕಡೆ ತಿರುಗಿದರು. "ಮೆಷಿನ್ ನೋಡಿ ಹೇಳಿ. ಈ ಲೈನ್‌ನಲ್ಲಿ ಬೇಕಂತಾನೇ ಮುರೀತಿದಾರೆ ಅಂತ ನನಗೆ ಅನುಮಾನ ಇದೆ. ಇವಳೂ ಎಳೆದು ಮುರಿದಿದ್ರೆ ನಾಳೆಯಿಂದ ಬರೋದು ಬೇಡ. ಆಸ್ಪತ್ರೆ ಖರ್ಚೂ ಅವಳದೇ."

ನಾನು ಕಾಲರ್ ಮೆಷಿನ್ನಿನ ತಲೆಯನ್ನು ಹಿಂದಕ್ಕೆ ವಾಲಿಸಿದೆ. ಪ್ಲೇಟಿನ ತೂತಿನ ಹಿಂದಿನ ಅಂಚಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು. ಹುಕ್ಕಿನ ಮೇಲೆ ಏನೂ ಇರಲಿಲ್ಲ. ಸುತ್ತ ಹೆಂಗಸರು ಕೈ ಬಿಟ್ಟು ಕೂತಿದ್ದರು, ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಮ್ಯಾನೇಜರ್ ಅತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಹುಕ್ಕಿನ ಸ್ಕ್ರೂಗಳನ್ನು ಸಡಿಲಿಸಿ, ಅದನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ, ಮತ್ತೆ ಬಿಗಿದೆ. ಗೀರು ಬಿದ್ದ ಪ್ಲೇಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬೇರೊಂದನ್ನು ಕೂರಿಸಿದೆ. ಕಫ್‌ನಾಕೆ ಎಲ್ಲವನ್ನೂ ನೋಡಿದಳು.

"ಹುಕ್ ಟೈಮಿಂಗ್ ಹೋಗಿದೆ ಸಾರ್. ಸೂಜಿ ಹುಕ್‌ಗೆ ಬಡಿದಿದೆ. ಯಾರು ಕೂತಿದ್ರೂ ಮುರೀತಿತ್ತು."

"ಅಂದ್ರೆ ನಿಮ್ಮ ತಪ್ಪು."

"ಹೌದು ಸಾರ್."

"ಬೇರೆ ಮೆಷಿನ್‌ಗಳದ್ದು?"

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ತಾನಾಗಿ ಬಂತು. "ಎಲ್ಲಾ ನೋಡ್ಬೇಕು ಸಾರ್. ಒಂದೊಂದಾಗಿ. ಅಲ್ಲಿವರೆಗೆ ಲೈನ್ ಓಡ್ಸೋದು ಸರಿಯಲ್ಲ, ಮಕ್ಕಳ ಬಟ್ಟೆ."

ಅವರು ಗಡಿಯಾರ ನೋಡಿಕೊಂಡರು. ಆಮೇಲೆ ಲೈನ್ ನಿಲ್ಲಿಸಿದರು.

ಆ ಮಧ್ಯಾಹ್ನ ಮೂರನೇ ಲೈನು ಸುಮ್ಮನೆ ಕೂತಿತು. ನಾನು ಮೊದಲನೇ ಮೆಷಿನ್ನಿನಿಂದ ಶುರುಮಾಡಿ, ನನ್ನ ಕೈಲಾದಷ್ಟು ನಿಧಾನವಾಗಿ, ಸರಿಯಾಗಿದ್ದ ಹುಕ್ಕುಗಳನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುತ್ತಾ ಹೋದೆ. ಕಫ್‌ನಾಕೆ ಯಾರನ್ನೂ ಕೇಳದೆ ಎದ್ದು ಹೋಗಿ, ಅವಸರವಿಲ್ಲದೆ ವಾಪಸು ಬಂದಳು. ಗುಂಡಿಯಾಕೆ ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗಿದಳು. ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚಿ ಹೆಣೆದಳು. ಮೊದಮೊದಲು ಪಿಸುಮಾತು, ಬರಬರುತ್ತಾ ಬಾಯಿ ಜೋರಾಯಿತು.

"ಇದು ಬೈಟೂ ಅಲ್ಲ ಕಣೇ, ಫುಲ್ಲು," ಎಂದಳು ತೋಳು ಹೊಲಿಯುವಾಕೆ.

"ಬಾಯ್ಮುಚ್ಚೇ," ಎಂದಳು ಕಫ್‌ನಾಕೆ. "ಅಕ್ಕನ ಬೆರಳ ಮೇಲೆ ಕೂತಿದೀವಿ."

ಆದರೂ ಯಾರೂ ಏಳಲಿಲ್ಲ.

ಹೊತ್ತು ಮುಳುಗುವಾಗ ಸೂಪರ್‌ವೈಸರ್ ಬಂದರು, ಒಬ್ಬರೇ. ಅಕ್ಕನನ್ನು ಇನ್ನೂ ಬಿಟ್ಟಿರಲಿಲ್ಲ. ಸೂಪರ್‌ವೈಸರ್ ಮುಷ್ಟಿ ಬಿಡಿಸಿ ಹತ್ತಿಯ ಉಂಡೆಯನ್ನು ಚೆಕಿಂಗ್ ಟೇಬಲ್ಲಿನ ಮೇಲಿಟ್ಟರು. ಒಳಗೆ ತುದಿ ಇತ್ತು. "ಆ ನರ್ಸಮ್ಮ ನನ್ನ ಮುಖ ನೋಡಿದ್ದು ನೋಡ್ಬೇಕಿತ್ತು," ಎಂದಷ್ಟೇ ಹೇಳಿದರು. ಮ್ಯಾನೇಜರ್ ತುದಿಯನ್ನು ಒರೆಸಿ, ಟೇಪಿನ ಮೇಲೆ ಉಳಿದೆರಡು ತುಂಡುಗಳ ಜೊತೆ ಜೋಡಿಸಿ, ಹೊಸ ಸೂಜಿ ಪಕ್ಕಕ್ಕಿಟ್ಟು ನೋಡಿದರು. ಸರಿಹೊಂದಿತು. ಬಂಡಲ್ ಬಿಟ್ಟರು. ರಕ್ತ ಬಿದ್ದ ಕಾಲರನ್ನು ಬಿಚ್ಚಿಸಿ ಬೇರೆ ಕೂರಿಸಿ, ಉಳಿದ ಹೊಲಿಗೆಯನ್ನು ಪಕ್ಕದ ಲೈನಿನಲ್ಲಿ ಮುಗಿಸಿದರು. ಮಾಲು ಹೋಯಿತು. ಮುಂದಿನ ಭಾನುವಾರ ಮೂರನೇ ಲೈನಿನವರೆಲ್ಲ ಬಂದು ಆ ಮಧ್ಯಾಹ್ನದ ಕೆಲಸವನ್ನು ತೀರಿಸಿಕೊಟ್ಟರು.

ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಡಿಸಿದರು. ನನಗೆ ಕೆಲಸ ಸಿಗುವುದು ಕಷ್ಟವಾಗಲಿಲ್ಲ, ರಾಜಾಜಿನಗರದ ಒಂದು ರಿಪೇರಿ ಶೆಡ್ಡಿಗೆ ಸೇರಿದೆ. ಅಕ್ಕನ ಕೆಲಸ ಉಳಿಯಿತು. ಉಳಿಯಿತು ಎಂದರೆ, ಬೆರಳು ಮಡಚಲು ಬರುತ್ತಿರಲಿಲ್ಲವಾದ್ದರಿಂದ ಕಾಲರ್ ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸಲು ನಿಲ್ಲಿಸಿದರು. ದಿನವಿಡೀ ನಿಂತು ಮಾಡುವ ಕೆಲಸ. ಅದನ್ನೂ ಅವರಿಗೆ ಹೆಚ್ಚು ದಿನ ಮಾಡಲಾಗಲಿಲ್ಲ. ನಾನು ಕಾಪಾಡಿದ್ದು ಅಷ್ಟನ್ನೇ.

ಕಾರ್ಖಾನೆಯವರೂ ಒಂದು ಸುಧಾರಣೆ ತಂದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬೆಲ್ ಹೊಡೆಯುವುದು, ಎಲ್ಲರೂ ಎದ್ದು ನಿಲ್ಲುವುದು, ಸ್ಪೀಕರಿನಲ್ಲಿ ಹೇಳಿದ ಹಾಗೆ ಕೈ ಎತ್ತಿ ಇಳಿಸುವುದು. ಖರೀದಿದಾರರು ಬಂದಾಗ ಅದರ ಫೋಟೋ ತೆಗೆದುಕೊಂಡರಂತೆ. ಹೆರಿಗೆಯ ನಂತರ ಕೆಲವು ತಿಂಗಳು ಮತ್ತೆ ಅಲ್ಲಿ ದುಡಿದ ಕಫ್‌ನಾಕೆ ವಿಜಯನಗರದ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದಳು: "ಅದೂ ಒಂದು ಆಪರೇಷನ್ನೇ ಅಣ್ಣ. ಸರಿಯಾಗಿ ಕೈ ಎತ್ತದಿದ್ರೆ ಬೈತಾರೆ."

ಆ ಮಧ್ಯಾಹ್ನ ಯಂತ್ರದ ಸುತ್ತ ನಾವು ಆರು ಜನ ಇದ್ದೆವು. ಮ್ಯಾನೇಜರ್ ತೀರಿಕೊಂಡರೆಂದು ಕೇಳಿದ್ದೇನೆ. ಸೂಪರ್‌ವೈಸರ್ ಇದ್ದಾರೆ, ರಾಜರಾಜೇಶ್ವರಿನಗರದಲ್ಲಿ ಮಗಳ ಮನೆಯಲ್ಲಿ. ಕೇಳಿದರೆ "ಈಗ್ಯಾಕೆ ಅದೆಲ್ಲಾ" ಎನ್ನುತ್ತಾರೆ, ಇಲ್ಲ ಎನ್ನುವುದಿಲ್ಲ. ಚೆಕಿಂಗ್ ಟೇಬಲ್ಲಿನಲ್ಲಿದ್ದಾಕೆ ಉಲ್ಲಾಳದಲ್ಲಿದ್ದಾಳೆ, ಯಂತ್ರ ಎರಡು ಸಲ ಕೂಗಿದ್ದು ಅವಳಿಗೂ ನೆನಪಿದೆ. ಕಫ್‌ನಾಕೆ ಮಾರೇನಹಳ್ಳಿಯ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಾನಿದ್ದೇನೆ. ಕಾಲರ್ ಅಕ್ಕ ಕೆಂಗೇರಿಯಲ್ಲಿದ್ದಾರೆ. ಯಾರಾದರೂ ಕೇಳಿಕೊಂಡು ಬಂದರೆ ಕೈ ತೋರಿಸುತ್ತೇನೆ ಎಂದಿದ್ದಾರೆ. ಇದುವರೆಗೆ ಯಾರೂ ಬಂದಿಲ್ಲ.